ಮೇಲಿಂದ ಬಂದ ಉತ್ತರ

ಕೆಲಸಕ್ಕೆ ರಾಜೀನಾಮೆ ಬರೆದುಕೊಟ್ಟ ದಿನ ಗುಬ್ಬಿಗೆ ಹೆದರಿಕೆಯೇನೂ ಆಗಲಿಲ್ಲ. ಅವತ್ತು ಅವನ ಗತ್ತೇ ಬೇರೆ. ಹೆದರಿಕೆ ಒಳಗೆ ಕಾಲಿಟ್ಟದ್ದು ಆಮೇಲೆ, ಹೆಂಡತಿ ಬ್ಲೇಡು ಹಿಡಿದು ಕೂತು ಅವನ ಅಂಗಿಯ ಜೇಬಿನ ಮೇಲಿದ್ದ ಕಂಪನಿಯ ಹೆಸರನ್ನು ದಾರ ದಾರವಾಗಿ ಕಿತ್ತು ತೆಗೆದಾಗ. ಅಂಗಿ ಇನ್ನೂ ಗಟ್ಟಿಯಾಗಿದೆ, ಸುಮ್ಮನೆ ಎಸೆಯುವುದೇಕೆ ಎಂಬುದು ಅವಳ ವಾದ. ಹೆಸರೇನೋ ಹೋಯಿತು, ಹೆಸರಿದ್ದ ಜಾಗ ಮಾತ್ರ ಬಿಸಿಲು ಕಾಣದೆ ಕಡುನೀಲಿಯಾಗಿ ಉಳಿಯಿತು. ಅದನ್ನು ತೊಟ್ಟು ಗುಬ್ಬಿ ಕನ್ನಡಿಯ ಮುಂದೆ ನಿಂತ. ಇಷ್ಟು ವರ್ಷ ಬೆಳಗಾದರೆ ಬೈದುಕೊಂಡೇ ಹೋಗುತ್ತಿದ್ದ ಕಂಪನಿ ಇನ್ನು ಬೆನ್ನ ಹಿಂದೆ ಇಲ್ಲ ಎಂಬುದು ಅವನಿಗೆ ನಿಜವಾಗಿ ಅರ್ಥವಾದದ್ದು ಆಗಲೇ.

ಗುಬ್ಬಿ ಲಿಫ್ಟ್ ಮೆಕ್ಯಾನಿಕ್. ಆಳು ಗಿಡ್ಡ, ಮೈ ಕಡ್ಡಿ, ಅವನು ತೂರದ ಸಂದಿಯಿಲ್ಲ. ಅದಕ್ಕೇ ಕಂಪನಿಯಲ್ಲಿ ಆ ಹೆಸರು ಅಂಟಿಕೊಂಡಿತು. ಕೊನೆಗೆ ಹೆಂಡತಿಯ ತವರಿನವರೂ ಹಾಗೇ ಕರೆಯತೊಡಗಿದ್ದರು. ಕಂಪನಿಯಲ್ಲಿ ಮೆಕ್ಯಾನಿಕ್ಕುಗಳು ಕೆಲಸಕ್ಕೆ ಹೋಗುವುದು ಜೋಡಿಯಾಗಿ. ಇವನ ಜೋಡಿಗೆ ಎಲ್ಲರೂ ನಗಾರಿ ಎನ್ನುತ್ತಿದ್ದರು. ಮೈಯೂ ಹಾಗೇ, ಗಂಟಲೂ ಹಾಗೇ. ಅವನು ಗುಟ್ಟು ಹೇಳಿದರೆ ಪಕ್ಕದ ಬೀದಿಯವರೂ ಹೂಂಗುಟ್ಟಬೇಕು, ಅಂಥ ಗಂಟಲು.

ಆ ಗಂಟಲಿಗೆ ಕೆಲಸದಲ್ಲಿ ಬೆಲೆಯಿತ್ತು. ಲಿಫ್ಟಿನ ನಿಯಮ ಸರಳ. ಯಾವ ಮಹಡಿಯ ಬಾಗಿಲು ಸರಿಯಾಗಿ ಮುಚ್ಚದಿದ್ದರೂ ಅದು ಕದಲುವಂತಿಲ್ಲ; ಅದನ್ನು ನೋಡಿಕೊಳ್ಳುವುದು ಬಾಗಿಲಿನ ಬೀಗ. ಆದರೆ ಆ ಬೀಗವನ್ನೇ ರಿಪೇರಿ ಮಾಡುವಾಗ ಬಾಗಿಲು ತೆರೆದಿಟ್ಟುಕೊಂಡು ಲಿಫ್ಟನ್ನು ಚೂರು ಮೇಲೆ, ಚೂರು ಕೆಳಗೆ ಆಡಿಸಿ ನೋಡಬೇಕಾಗುತ್ತದೆ. ಅದಕ್ಕಾಗಿ ಮೆಕ್ಯಾನಿಕ್ಕುಗಳು ಲಿಫ್ಟಿಗೆ ಒಂದು ಸುಳ್ಳು ಹೇಳುತ್ತಾರೆ. ಕಟ್ಟಡದ ನೆತ್ತಿಯಲ್ಲಿರುವ ಮಿಷನ್ ರೂಮಿನಲ್ಲಿ, ಪ್ಯಾನೆಲ್ಲಿನೊಳಗೆ, ಗೇಣುದ್ದದ ಕೆಂಪು ವೈರೊಂದನ್ನು ಸಿಕ್ಕಿಸುತ್ತಾರೆ. ಆ ವೈರು ಇರುವಷ್ಟು ಹೊತ್ತು ಎಲ್ಲ ಬಾಗಿಲೂ ಮುಚ್ಚಿವೆ ಎಂದೇ ಲಿಫ್ಟು ನಂಬುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಕಿತ್ತು ತರದಿದ್ದರೆ ಲಿಫ್ಟು ಕುರುಡಾಯಿತೆಂದೇ ಅರ್ಥ. ಬಾಗಿಲು ಬಾಯಿ ತೆರೆದಿದ್ದರೂ ಹೊರಟುಬಿಡುತ್ತದೆ. ಅದು ಬಿಟ್ಟುಹೋದ ಜಾಗದಲ್ಲಿ ಬರೀ ಕತ್ತಲ ಬಾವಿ.

ಹಾಗಾಗಿ ಇಬ್ಬರ ನಡುವೆ ಒಂದು ಕಟ್ಟುಪಾಡಿತ್ತು. ಗುಬ್ಬಿ ಲಿಫ್ಟಿನ ತಲೆಯ ಮೇಲೆ ನಿಂತು ಬೀಗ ನೋಡುವನು, ನಗಾರಿ ಮೇಲೆ ಮಿಷನ್ ರೂಮಿನಲ್ಲಿ ಇರುವನು. ಕೆಲಸ ಮುಗಿದ ಕೂಡಲೇ ಗುಬ್ಬಿ ಕತ್ತೆತ್ತಿ "ವೈರ್ ಬಂತಾ?" ಎಂದು ಕೂಗುವನು. ನಗಾರಿ ವೈರು ಕಿತ್ತು ಕೈಯಲ್ಲಿ ಹಿಡಿದುಕೊಂಡು "ಬಂತು" ಎನ್ನುವನು. ಆ ಒಂದು ಮಾತು ಬಾವಿಯ ಗೋಡೆಗಳಿಗೆಲ್ಲ ತಾಕಿ ಗುಂಯ್‌ಗುಟ್ಟುತ್ತ ಇಳಿದು ಬರುತ್ತಿತ್ತು. ಅದು ಕಿವಿಗೆ ಬೀಳದೆ ಗುಬ್ಬಿ ಚೀಲ ಕಟ್ಟಿದವನಲ್ಲ. ಒಮ್ಮೆ ನಗಾರಿಗೆ ನೆಗಡಿಯಾಗಿ ದನಿ ಬಿದ್ದುಹೋದಾಗ ಪ್ರತಿ ಸಲವೂ ಅವನು ಮೆಟ್ಟಿಲಿಳಿದು ಬಂದು ವೈರನ್ನು ಗುಬ್ಬಿಯ ಮೂಗಿನ ಮುಂದೆ ಆಡಿಸಿ ಹೋಗುತ್ತಿದ್ದ.

ಇಂಥ ಜೋಡಿ ಮುರಿದದ್ದು ಗುಬ್ಬಿಯ ಬಾಯಿಂದ. ಕಟ್ಟಡಗಳ ಸೆಕ್ರೆಟರಿಗಳು ಬಹಳ ದಿನದಿಂದ ಅವನ ಕಿವಿ ಊದುತ್ತಿದ್ದರು. ಕೆಲಸ ಮಾಡೋದು ನೀನು, ಹೆಸರು ಕಂಪನಿದು, ನೀನೇ ಯಾಕೆ ಕಾಂಟ್ರಾಕ್ಟ್ ತಗೋಬಾರದು ಎಂದು. ಊದಿದ್ದು ಒಳಗಿಳಿಯಿತು. ನಗಾರಿಯನ್ನೂ ಕರೆದ, ಇಬ್ಬರೂ ಸೇರಿ ಮಾಡೋಣ ಎಂದ. ನಗಾರಿ ಒಂದು ವಾರ ಮೂಗು ಕೆರೆದುಕೊಂಡು, ತನ್ನ ಅಮ್ಮನ ಔಷಧಿಯೆಲ್ಲ ಕಂಪನಿ ಕಡೆಯಿಂದಲೇ ಬರುತ್ತದೆ, ತನಗೆ ಆಗುವುದಿಲ್ಲ ಎಂದ. ಆಗ ಗುಬ್ಬಿ ಆಡಬಾರದ್ದನ್ನು ಆಡಿದ. ಊಟದ ಹೊತ್ತಿನಲ್ಲಿ, ಎಲ್ಲರ ಎದುರಿಗೆ, "ಅಮ್ಮನ್ನ ಯಾಕೋ ಅಡ್ಡ ತರ್ತೀಯಾ? ನಿನಗೆ ಧೈರ್ಯ ಇಲ್ಲ, ಅಷ್ಟು ಹೇಳು" ಎಂದುಬಿಟ್ಟ. ನಗಾರಿ ಡಬ್ಬಿ ಮುಚ್ಚಿ ಎದ್ದುಹೋದವನು ಮತ್ತೆ ಮಾತಾಡಲಿಲ್ಲ.

ಮೊದಲ ಕಾಂಟ್ರಾಕ್ಟ್ ಕೊಟ್ಟವರು ಟೀಚರ್. ಗಣಿತ ಹೇಳಿಕೊಡುತ್ತಿದ್ದವರು, ನಿವೃತ್ತರಾಗಿ ತಮ್ಮ ಕಟ್ಟಡಕ್ಕೆ ಸೆಕ್ರೆಟರಿಯಾಗಿದ್ದರು. ಇದ್ದದ್ದು ಮೂರನೇ ಮಹಡಿಯಲ್ಲಿ. ಹಳೆಯ ಕಟ್ಟಡ, ಹಳೆಯ ಲಿಫ್ಟು, ಮಹಡಿಯ ಬಾಗಿಲುಗಳನ್ನು ಕೈಯಿಂದಲೇ ಎಳೆದು ತೆರೆಯಬೇಕು. ಕಂಪನಿಯನ್ನು ಬಿಡಿಸಿ ಗುಬ್ಬಿಗೆ ಕೊಡಿ ಎಂದು ಮೀಟಿಂಗಿನಲ್ಲಿ ಹಟ ಹಿಡಿದು ಒಪ್ಪಿಸಿದವರು ಅವರೇ. ಅವರಿಗೊಂದು ಅಭ್ಯಾಸವಿತ್ತು. ತರಕಾರಿಗೆ ಹೋಗುವಾಗ ಎರಡು ಚಕ್ರದ ಟ್ರಾಲಿ ಚೀಲ ಎಳೆದುಕೊಂಡು ಹೊರಡುವರು. ಬಾಗಿಲು ತಾನಾಗಿ ಮುಚ್ಚಿಕೊಂಡು ಚಕ್ರಕ್ಕೆ ಬಡಿಯುತ್ತದೆಂದು, ಬಾಗಿಲನ್ನು ಸೊಂಟದಿಂದ ಒತ್ತಿಹಿಡಿದು, ತಾವು ಹಿಂದಕ್ಕೆ ಹೆಜ್ಜೆಯಿಡುತ್ತ ಲಿಫ್ಟಿನೊಳಗೆ ಹೋಗಿ, ಆಮೇಲೆ ಟ್ರಾಲಿಯನ್ನು ಎಳೆದುಕೊಳ್ಳುವರು. ಅಷ್ಟು ಹೊತ್ತೂ ಎದುರಿಗೆ ಯಾರಿದ್ದರೆ ಅವರ ಜೊತೆ ಮಾತು ನಡೆದೇ ಇರುತ್ತಿತ್ತು.

ಇದನ್ನು ಮೊದಲು ಕಂಡಾಗ ಗುಬ್ಬಿಗೆ ನಗು ಬಂದಿತ್ತು. "ಟೀಚರ್, ಹಿಂದೆ ನೋಡ್ಕೊಂಡು ಹೋಗ್ಬಾರ್ದಾ?" ಎಂದಿದ್ದ.

"ನೀನಿದ್ದೀಯಲ್ಲಪ್ಪ ನೋಡ್ಕೊಳ್ಳೋಕೆ. ನಾನ್ಯಾಕೆ ನೋಡ್ಲಿ?" ಎಂದಿದ್ದರು ಅವರು.

ಗುಬ್ಬಿ ಉಬ್ಬಿಹೋಗಿದ್ದ. ಆ ಮಾತನ್ನು ಮನೆಗೆ ಬಂದು ಹೆಂಡತಿಗೂ ಹೇಳಿದ್ದ. ಮುಂದೆ ಅದೇ ಮಾತು ಅವನ ನಿದ್ದೆ ತಿನ್ನಲಿದೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಒಂಟಿಯಾಗಿ ಕೆಲಸ ಶುರುಮಾಡಿದ ಮೇಲೆ ಗುಬ್ಬಿಗೆ ಒಂದು ವಿಷಯ ಹೊಳೆಯಿತು. ಕಂಪನಿಯಲ್ಲಿ ಅವನು ಬಿಗಿದ ಬೋಲ್ಟನ್ನು ನಗಾರಿ ಇನ್ನೊಮ್ಮೆ ಬಿಗಿದು ನೋಡುತ್ತಿದ್ದ. ನಗಾರಿ ನೋಡಿದ್ದನ್ನು ತಿಂಗಳಿಗೊಮ್ಮೆ ಎಂಜಿನಿಯರು ನೋಡುತ್ತಿದ್ದ, ಮೂಗು ತೂರಿಸಲು ಬಂದ ಎಂದು ಇಬ್ಬರೂ ಅವನನ್ನು ಬೈದುಕೊಳ್ಳುತ್ತಿದ್ದರು. ಈಗ ಯಾರೂ ಮೂಗು ತೂರಿಸುವುದಿಲ್ಲ. ಅವನದೇ ಕೊನೆಯ ಕೈ. ಅವನ ಕೈ ಬಿಟ್ಟ ಮೇಲೆ ಆ ಬೋಲ್ಟು, ಆ ಹಗ್ಗ, ಆ ಬೀಗ ನೇರವಾಗಿ ಜನರ ಜೀವಕ್ಕೆ. ಇದು ಹೊಳೆದಂದಿನಿಂದ ಅವನಿಗೆ ನೆಮ್ಮದಿ ಎನ್ನುವುದೇ ಹೋಯಿತು. ಬಸ್ಸಿನಲ್ಲಿ ಅರ್ಧ ದಾರಿ ಬಂದವನು ಪ್ಯಾನೆಲ್ ಮುಚ್ಚಿದೆನೋ ಇಲ್ಲವೋ ಎಂದು ಇಳಿದು ವಾಪಸು ಹೋಗುವನು. ಮುಚ್ಚಿಯೇ ಇರುತ್ತಿತ್ತು. ಊಟದ ತಟ್ಟೆಯ ಮುಂದೆ ಕೂತು ಬೆರಳುಗಳನ್ನು ಗಾಳಿಯಲ್ಲಿ ತಿರುವುತ್ತ, ಅವತ್ತು ಬಿಗಿದ ಸ್ಕ್ರೂಗಳನ್ನು ಮನಸ್ಸಿನಲ್ಲೇ ಮತ್ತೆ ಬಿಗಿಯುವನು. ಹೆಂಡತಿ ನೋಡಿಯೂ ನೋಡದಂತೆ ಸಾರು ಬಡಿಸುವಳು. ಭಯವಾಗುತ್ತಿದೆ ಎಂದು ಅವಳ ಹತ್ತಿರ ಹೇಳಬಹುದಿತ್ತು. ಆದರೆ ಊರೆಲ್ಲ ಧೈರ್ಯದ ಮಾತಾಡಿ ಬಂದವನಿಗೆ ಮನೆಯಲ್ಲಿ ಆ ಮಾತು ಬಾಯಿಂದ ಹೊರಡಲಿಲ್ಲ.

ಶನಿವಾರ ಟೀಚರ್ ಕರೆಸಿದರು. ಮೂರನೇ ಮಹಡಿಯ ಬಾಗಿಲು ಮೆಲ್ಲಗೆ ಮುಚ್ಚಿದರೆ ಬೀಗ ಕಚ್ಚುತ್ತಿರಲಿಲ್ಲ, ಲಿಫ್ಟು ಮುಷ್ಕರ ಹೂಡಿದಂತೆ ನಿಂತುಬಿಡುತ್ತಿತ್ತು. ಗುಬ್ಬಿ ಮೇಲೆ ಹೋಗಿ ಕೆಂಪು ವೈರು ಸಿಕ್ಕಿಸಿ, ತಾರಸಿಯಲ್ಲಿ ಮಕ್ಕಳು ಆಡುತ್ತಿದ್ದುದರಿಂದ ಮಿಷನ್ ರೂಮಿಗೆ ಬೀಗ ಜಡಿದು, ಕೀ ಜೇಬಿಗೆ ಹಾಕಿಕೊಂಡು ಇಳಿದು ಬಂದ. ಲಿಫ್ಟಿನ ತಲೆಯ ಮೇಲೆ ನಿಂತು ಬಾಗಿಲಿನ ಬೀಗ ಬಿಚ್ಚಿದ. ಒಳಗಿನ ಸ್ಪ್ರಿಂಗ್ ಸೋತುಹೋಗಿತ್ತು. ಹೊಸದು ಸೋಮವಾರ ತಂದು ಹಾಕುವುದೆಂದು ಹೇಳಿ, ಸದ್ಯಕ್ಕೆ ಇದ್ದದ್ದನ್ನೇ ಎಳೆದು ಕೂರಿಸಿದ. ಅಲ್ಲಿಯವರೆಗೆ ಬಾಗಿಲನ್ನು ಗಟ್ಟಿಯಾಗಿ ಹಾಕಿಕೊಳ್ಳಿ, ಹಾಕದಿದ್ದರೆ ಲಿಫ್ಟು ಹೊರಡುವುದಿಲ್ಲ ಅಷ್ಟೇ, ಅಪಾಯವೇನೂ ಇಲ್ಲ ಎಂದು ಟೀಚರಿಗೆ ಹೇಳಿದ. ಆ ಮಾತು ನಿಜವೇ, ಕೆಂಪು ವೈರು ಕಿತ್ತ ಮೇಲೆ.

ಕೆಲಸ ಮುಗಿಯಿತು. ಕೈ ಒರೆಸಿಕೊಂಡು ಕತ್ತೆತ್ತಿ, "ವೈರ್ ಬಂತಾ?" ಎಂದು ಕೂಗಿದ.

"ಬಂತು" ಎಂದು ಮೇಲಿಂದ ಕೇಳಿಸಿತು.

ಗುಬ್ಬಿ ಚೀಲ ಕಟ್ಟಿ ಮನೆಗೆ ಹೋದ. ಅವತ್ತು ಅವನಿಗೆ ಬಸ್ಸಿನಿಂದ ಇಳಿದು ವಾಪಸು ಹೋಗಬೇಕೆನಿಸಲಿಲ್ಲ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡು, ಮಲಗಿದ ಕೂಡಲೇ ಗೊರಕೆ ಹೊಡೆದ.

ಮರುದಿನ ಭಾನುವಾರ ಹೆಂಡತಿಯ ಅಣ್ಣ ಬಂದಿದ್ದ. ಗುಬ್ಬಿ ಕೆಲಸ ಬಿಟ್ಟಾಗ ಎಲ್ಲರಿಗಿಂತ ಹೆಚ್ಚು ಹಾರಾಡಿದವನು ಈ ಭಾವ. ಅಂದಿನಿಂದ ಗುಬ್ಬಿಯನ್ನು ಧಣಿಗಳು ಎಂದೇ ಕರೆಯುತ್ತಿದ್ದ. ಧಣಿಗಳಿಗೆ ಭಾನುವಾರ ರಜಾ ಯಾರು ಕೊಟ್ರು, ನೀವೇ ಅರ್ಜಿ ಹಾಕಿ ನೀವೇ ಸಹಿ ಮಾಡ್ಕೊಂಡ್ರಾ ಎಂದು ಕಾಲೆಳೆಯುತ್ತ ಸೋಫಾದಲ್ಲಿ ಕಾಲು ಚಾಚಿ ಕೂತಿದ್ದ. ಗುಬ್ಬಿಯೂ ನಕ್ಕ. ಅಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದ ಕುಕ್ಕರ್ ಹಿಡಿದುಕೊಂಡು ಬಂದು, ಇದರ ಹಿಡಿ ಅಲ್ಲಾಡುತ್ತಿದೆ, ಊರ ಲಿಫ್ಟೆಲ್ಲ ರಿಪೇರಿ ಮಾಡುವವರ ಮನೆಯ ಗತಿ ನೋಡು ಎಂದು ಅಣ್ಣನಿಗೆ ಹೇಳಿದಳು.

ಗುಬ್ಬಿ ಚೀಲ ತೆರೆದು ದೊಡ್ಡ ಸ್ಕ್ರೂಡ್ರೈವರ್ ಎಳೆದ. ಅದರ ಹಿಡಿ ಬೋಳಾಗಿತ್ತು.

ಕೆಂಪು ವೈರನ್ನು ಅವನು ಯಾವಾಗಲೂ ಆ ಹಿಡಿಗೇ ಸುತ್ತಿಡುತ್ತಿದ್ದ. ಚೀಲವನ್ನು ನೆಲದ ಮೇಲೆ ಬೋರಲು ಹಾಕಿದ. ಸ್ಪ್ಯಾನರು, ಟಾರ್ಚು, ಗ್ರೀಸ್ ಡಬ್ಬಿ, ಚಿಂದಿ ಬಟ್ಟೆ. ನಿನ್ನೆಯ ಅಂಗಿಯ ಜೇಬು ನೋಡಿದ, ಪ್ಯಾಂಟಿನ ಜೇಬು ನೋಡಿದ. ಮಿಷನ್ ರೂಮಿನ ಕೀ ಸಿಕ್ಕಿತು, ವೈರು ಸಿಗಲಿಲ್ಲ. ಎಲ್ಲಿ ಕಿತ್ತೆ, ಯಾವಾಗ ಕಿತ್ತೆ ಎಂದು ನೆನಪು ಕೆದಕಿದ. ಕಿತ್ತ ನೆನಪೇ ಇಲ್ಲ. ಕಿವಿಯಲ್ಲಿ ಇದ್ದದ್ದು "ಬಂತು" ಎಂಬ ಒಂದು ಮಾತು ಮಾತ್ರ. ಸ್ಪಷ್ಟವಾಗಿ, ಗೋಡೆಗಳಿಗೆ ತಾಕಿಕೊಂಡು ಇಳಿದು ಬಂದ ಮಾತು. ದನಿ ನಗಾರಿಯದು.

ನಿನ್ನೆ ಮೇಲೆ ಯಾರಿದ್ದರು? ಮೇಲೆ ಬೀಗ ಜಡಿದ ಕೋಣೆಯಿತ್ತು. ಇಷ್ಟು ವರ್ಷ ಕೂಗಿದೊಡನೆ ಉತ್ತರ ಕೇಳಿ ಕೇಳಿ ರೂಢಿಯಾದ ಕಿವಿ, ಉತ್ತರ ಬಾರದಾಗ ತಾನೇ ಒಂದನ್ನು ಹುಟ್ಟಿಸಿಕೊಂಡಿತ್ತು. ಅದನ್ನು ನಂಬಿ ಅವನು ಚೀಲ ಕಟ್ಟಿದ್ದ, ಅದನ್ನೇ ನಂಬಿ ಗೊರಕೆ ಹೊಡೆದಿದ್ದ. ನಿನ್ನೆ ಸಂಜೆಯಿಂದ ಆ ಲಿಫ್ಟು ಕುರುಡಾಗಿ ಓಡುತ್ತಿದೆ. ಮೂರನೇ ಮಹಡಿಯ ಬೀಗ ಕಚ್ಚದಿದ್ದರೂ ಅದು ಹೊರಟುಹೋಗುತ್ತದೆ. ಹಿಂದೆ ಉಳಿದ ಬಾಗಿಲು ಎಳೆದರೆ ತೆರೆದುಕೊಳ್ಳುತ್ತದೆ. ಟೀಚರ್ ಅದನ್ನು ಸೊಂಟದಿಂದ ಒತ್ತಿಹಿಡಿದು, ಮಾತಾಡುತ್ತ, ಹಿಂದಕ್ಕೆ ಹೆಜ್ಜೆಯಿಡುತ್ತಾರೆ.

ಗುಬ್ಬಿ ಫೋನಿಗೆ ಕೈ ಹಾಕಿದ.

ಇಲ್ಲಿ ಗುಬ್ಬಿ ಮಾಡಿದ್ದನ್ನು ಮುಚ್ಚಿಟ್ಟು ಅವನನ್ನು ದೊಡ್ಡವನನ್ನಾಗಿ ಮಾಡಿ ಪ್ರಯೋಜನವಿಲ್ಲ. ಅವನು ಮೊದಲು ಫೋನ್ ಮಾಡಿದ್ದು ಟೀಚರಿಗಲ್ಲ, ಕಟ್ಟಡದ ಕಾವಲುಗಾರನಿಗೆ. ಟೀಚರಿಗೆ ಹೇಳಿದರೆ ಕಾಂಟ್ರಾಕ್ಟ್ ಹೋಯಿತು, ಹೆಸರು ಹೋಯಿತು, ಊರಿನ ಬೇರಾವ ಕಟ್ಟಡವೂ ಅವನನ್ನು ಮೆಟ್ಟಿಲು ಹತ್ತಿಸುವುದಿಲ್ಲ. ಕಾವಲುಗಾರನಿಗೆ ಏನೋ ನೆವ ಹೇಳಿ ಲಿಫ್ಟು ಆಫ್ ಮಾಡಿಸಿದರೆ ಯಾರಿಗೂ ಗೊತ್ತಾಗದು. ಯಾವ ನೆವ ಹೇಳಲಿ ಎಂದು ಯೋಚಿಸುತ್ತಲೇ ನಂಬರ್ ಒತ್ತಿದ. ಫೋನ್ ಸ್ವಿಚ್ ಆಫ್. ಭಾನುವಾರ ಕಾವಲುಗಾರನಿಗೆ ರಜೆ. ಆಮೇಲೆ ಟೀಚರಿಗೆ ಮಾಡಿದ. ರಿಂಗಾಯಿತು, ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಹೊರಗೆ ಹೊರಟಾಗ ಟೀಚರ್ ಫೋನನ್ನು ಮೇಜಿನ ಮೇಲೇ ಬಿಟ್ಟು ಹೋಗುವರು. ಭಾನುವಾರ ಬಿಸಿಲು ತಗ್ಗಿದ ಮೇಲೆ ಅವರು ತರಕಾರಿಗೆ ಹೊರಡುವ ಹೊತ್ತು ಇದೇ.

ಇನ್ನು ಉಳಿದದ್ದು ಒಂದೇ ನಂಬರು. ನಗಾರಿಯ ಮನೆ ಆ ಕಟ್ಟಡದ ಹಿಂದಿನ ಬೀದಿಯಲ್ಲಿತ್ತು.

ನಗಾರಿ ಫೋನ್ ಎತ್ತಿದ, ಆದರೆ ಮಾತಾಡಲಿಲ್ಲ. ಅವನ ಉಸಿರು ಮಾತ್ರ ಕೇಳುತ್ತಿತ್ತು.

"ಟೀಚರ್ ಕಟ್ಟಡದಲ್ಲಿ ವೈರ್ ಬಿಟ್ಟು ಬಂದಿದೀನಿ ಕಣೋ" ಎಂದ ಗುಬ್ಬಿ. "ಮೂರನೇ ಮಹಡಿ ಬೀಗ ಕಚ್ತಿಲ್ಲ. ಮಿಷನ್ ರೂಮಿನ ಕೀ ನನ್ನ ಹತ್ರನೇ ಇದೆ."

ಫೋನ್ ಕಟ್ಟಾಯಿತು.

ಮತ್ತೆ ಮಾಡಿದ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದ, ಎತ್ತಲಿಲ್ಲ. ನಗಾರಿ ಓಡುತ್ತಿದ್ದಾನೋ, ಅನುಭವಿಸು ಎಂದು ಫೋನ್ ಕೆಳಗಿಟ್ಟು ಕೂತನೋ, ತಿಳಿಯುವ ದಾರಿಯಿರಲಿಲ್ಲ. ಅಷ್ಟರಲ್ಲಿ ಭಾವ ಕಾರಿನ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದ. ಏನು ಎತ್ತ ಎಂದು ಕೇಳಲಿಲ್ಲ. ಗುಬ್ಬಿಯ ಮುಖ ನೋಡಿದರೆ ಸಾಕಾಗಿತ್ತು. ಹೆಂಡತಿ ನೆಲದ ಮೇಲಿನ ಸಾಮಾನನ್ನೆಲ್ಲ ಚೀಲಕ್ಕೆ ಬಾಚಿ ತುಂಬಿ, "ಮೇಲಿನ ಕೀ ತಗೊಂಡ್ರಾ?" ಎಂದು ಕೇಳಿದಳು. ಕೀ ಅವನ ಮುಷ್ಟಿಯಲ್ಲೇ ಇತ್ತು.

ದಾರಿಯಲ್ಲಿ ಗುಬ್ಬಿ ಎಲ್ಲವನ್ನೂ ಭಾವನಿಗೆ ಹೇಳಿದ. ಧಣಿಗಳೇ ಎಂಬ ಮಾತು ಬರಬಹುದೆಂದು ಕಾದ. ಬರಲಿಲ್ಲ. ಭಾವ ತುಟಿ ಕಚ್ಚಿಕೊಂಡು ಸಂದಿಗೊಂದಿಯಲ್ಲೆಲ್ಲ ಕಾರು ನುಗ್ಗಿಸುತ್ತಿದ್ದ. ಗುಬ್ಬಿ ಮತ್ತೆ ಮತ್ತೆ ಟೀಚರಿಗೆ ಫೋನ್ ಮಾಡಿದ. ಪ್ರತಿ ರಿಂಗಿಗೂ ಖಾಲಿ ಮನೆ, ಮೇಜಿನ ಮೇಲೆ ತಾನೇ ನಡುಗುತ್ತಿರುವ ಫೋನು, ಹೊರಗೆ ಲಿಫ್ಟಿನ ಬಾಗಿಲು ಅವನ ಕಣ್ಣಿಗೆ ಕಟ್ಟುತ್ತಿದ್ದವು. ನಾನ್ಯಾಕೆ ನೋಡ್ಲಿ ಎಂದಿದ್ದರಲ್ಲ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಗುಬ್ಬಿ ಕಿಟಕಿಯ ಗಾಜು ಇಳಿಸಿದ. ಪಕ್ಕದ ಸ್ಕೂಟರಿನ ಮೇಲೆ ಒಂದು ಸಂಸಾರ ಐಸ್‌ಕ್ರೀಮು ತಿನ್ನುತ್ತಿತ್ತು. ಅವರೆಲ್ಲ ಬೇರೆ ಲೋಕದವರಂತೆ ಕಂಡರು. ಬದುಕಿನಲ್ಲಿ ಅವನು ಅಷ್ಟು ಹೆದರಿದ್ದಿಲ್ಲ.

ಕಟ್ಟಡದ ಮುಂದೆ ಜನ ಸೇರಿರಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗಲಿಲ್ಲ. ಒಳಗೆ ಹೋದರೆ ಕೆಳಗಿನ ಮೀಟರ್ ಬೋರ್ಡಿನ ಬಾಗಿಲು ತೆರೆದಿತ್ತು, ಲಿಫ್ಟಿನ ಮೇನ್ ಸ್ವಿಚ್ ಕೆಳಗಿಳಿದಿತ್ತು. ಲಿಫ್ಟು ನೆಲಮಹಡಿಯಲ್ಲೇ ದೀಪವಾರಿ ನಿಂತಿತ್ತು. ಗುಬ್ಬಿ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿದ. ಮೊದಲ ಮಹಡಿ ದಾಟಿತು, ಎರಡನೆಯದು ದಾಟಿತು. ಮೂರನೆಯದರ ತಿರುವಿನಲ್ಲಿ ಅವನ ಕಾಲು ನಿಂತುಹೋಯಿತು.

ಲಿಫ್ಟಿನ ಬಾಗಿಲು ಅರ್ಧ ತೆರೆದಿತ್ತು, ಅದರ ಹಿಂದೆ ಕತ್ತಲು. ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡವಾಗಿ ಟ್ರಾಲಿ ಚೀಲ ಒಂದೇ ನಿಂತಿತ್ತು.

ಗುಬ್ಬಿ ಗೋಡೆ ಹಿಡಿದುಕೊಂಡು ಮುಂದೆ ಹೋದ. ಟಾರ್ಚ್ ಹಚ್ಚಿ ಬಾವಿಯೊಳಕ್ಕೆ ಬಗ್ಗಿದ. ಬೆಳಕು ಇಳಿದು ಹೋಗಿ ಕೆಳಗೆ ಲಿಫ್ಟಿನ ತಲೆಯ ಮೇಲೆ ಬಿತ್ತು. ಅಲ್ಲೊಂದು ಕಂದು ಚಪ್ಪಲಿ ಬಿದ್ದಿತ್ತು. ಹೆಂಗಸರದು, ಎಡಗಾಲಿನದು. ಗುಬ್ಬಿ ಇನ್ನಷ್ಟು ಮುಂದಕ್ಕೆ ಬಾಗಿದ.

"ಹಿಂದಕ್ಕೆ ಬಾರೋ, ನೀನೂ ಬೀಳ್ತೀಯಾ" ಎಂಬ ಗುಡುಗು ಬೆನ್ನ ಹಿಂದಿನಿಂದ ಬಂತು.

ಟೀಚರ ಮನೆಯ ಹೊಸ್ತಿಲ ಮೇಲೆ ನಗಾರಿ ಕೂತಿದ್ದ. ಮನೆಯಲ್ಲಿ ಉಡುವ ಲುಂಗಿ, ಬೆವರಲ್ಲಿ ತೊಯ್ದ ಬನಿಯನ್ನು, ಬರಿಗಾಲು. ಅವನ ಹಿಂದೆ ಕುರ್ಚಿಯಲ್ಲಿ ಟೀಚರ್ ಇದ್ದರು. ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದು ಬರಿದು. ಗುಬ್ಬಿ ಅಲ್ಲೇ ನೆಲದ ಮೇಲೆ ಕುಸಿದು ಕೂತ.

ನಡೆದದ್ದನ್ನು ನಗಾರಿಯೇ ಹೇಳಿದ. ಅವನು ಓಡಿ ಬಂದು ಕೆಳಗಿನ ಮೇನ್ ಇಳಿಸುವ ಹೊತ್ತಿಗೆ ಮೇಲೆಲ್ಲೋ ಬಾಗಿಲು ತೆರೆದ ಸದ್ದಾಯಿತಂತೆ. ಲಿಫ್ಟು ನೋಡಿದರೆ ಕಣ್ಣೆದುರಿಗೇ ನೆಲಮಹಡಿಯಲ್ಲಿದೆ. ಮೆಟ್ಟಿಲು ಹತ್ತಿ ಹೋದರೆ ಆಗುವ ಮಾತಲ್ಲ. ನೆಲಮಹಡಿಯ ಬಾಗಿಲ ಸಂದಿಗೆ ಬಾಯಿಟ್ಟು ಗಂಟಲು ಹರಿಯುವಂತೆ, ನಿಲ್ಲಿ ಎಂದು ಕೂಗಿದನಂತೆ. ಕೂಗು ಬಾವಿಯೊಳಗಿಂದ ಏರಿ ಟೀಚರ ಬೆನ್ನಿಗೇ ಬಡಿದಿತ್ತು. ಆಗಲೇ ಒಂದು ಕಾಲು ಹಿಂದಕ್ಕಿಟ್ಟಿದ್ದವರು, ಲಿಫ್ಟಿನೊಳಗಿಂದ ಇದ್ಯಾರು ಹೀಗೆ ಅರಚುವುದೆಂದು ಬೈಯಲು ಹೊರಳಿದರು. ಹೊರಳಿದಾಗ ಹಿಂದೆ ಲಿಫ್ಟೇ ಇರಲಿಲ್ಲ. ಬಾಗಿಲಿನ ಹಿಡಿಯನ್ನು ಗಬಕ್ಕನೆ ಹಿಡಿದುಕೊಂಡರು. ಕಾಲಿನಿಂದ ಜಾರಿದ ಚಪ್ಪಲಿ ಕೆಳಗೆ ಬಿದ್ದ ಸದ್ದು ಅವರಿಗೂ ಕೇಳಿಸಿತು, ನಗಾರಿಗೂ ಕೇಳಿಸಿತು. ಆ ಸದ್ದು ಏನೆಂದು ತಿಳಿಯದೆ ಮೂರು ಮಹಡಿ ಹತ್ತಿದ್ದೇನಲ್ಲ, ಅದನ್ನು ಮಾತ್ರ ನೀನು ಕೇಳಬೇಡ ಎಂದ ನಗಾರಿ.

ಟೀಚರ್ ಬೀಗವನ್ನು ಬೈಯುತ್ತಿದ್ದರು. ಹಾಳಾದ ಬೀಗ, ಸೋಮವಾರದವರೆಗೆ ಕಾಯಬಾರದಿತ್ತು, ತಾವೇ ಬಾಗಿಲನ್ನು ಗಟ್ಟಿಯಾಗಿ ಹಾಕಿರಲಿಲ್ಲವೇನೋ ಎನ್ನುತ್ತಿದ್ದರು. ನಗಾರಿ ವೈರಿನ ಮಾತೆತ್ತಿರಲಿಲ್ಲ. ಬೀಗದ ತಲೆಗೆ ಕಟ್ಟಿಬಿಟ್ಟರೆ ಎಲ್ಲ ಮುಗಿಯುವುದಿತ್ತು.

"ಬೀಗದ್ದಲ್ಲ ಟೀಚರ್" ಎಂದ ಗುಬ್ಬಿ. "ನಿಮ್ಮದೂ ಅಲ್ಲ. ನಾನು ಮೇಲೆ ಒಂದು ವೈರ್ ಕೀಳದೆ ಹೋಗಿದೀನಿ. ಅದಿದ್ರೆ ಬಾಗಿಲು ತೆಗೆದಿದ್ರೂ ಲಿಫ್ಟ್ ಹೋಗಿಬಿಡುತ್ತೆ."

ಟೀಚರ್ ಅವನನ್ನೇ ನೋಡಿದರು. ತರಗತಿಯಲ್ಲಿ ಲೆಕ್ಕ ತಪ್ಪಿದ ಹುಡುಗನನ್ನು ನೋಡುವಂತೆ ಅಲ್ಲ, ಗುರುತಿಲ್ಲದವನನ್ನು ನೋಡುವಂತೆ. "ಹೇಳದೆ ಇದ್ದಿದ್ರೆ ನನಗೆ ಗೊತ್ತಾಗ್ತಿತ್ತಾ?" ಎಂದು ಕೇಳಿದರು.

"ಇಲ್ಲ."

"ಮತ್ಯಾಕೆ ಹೇಳಿದೆ?"

"ಭಯ ಆಗುತ್ತೆ ಟೀಚರ್. ಹೇಳಿದ್ರೂ ಭಯ, ಹೇಳದೆ ಹೋದ್ರೆ ಇನ್ನೂ ಜಾಸ್ತಿ." ಇಷ್ಟು ದಿನ ಹೆಂಡತಿಗೂ ಆಡದಿದ್ದ ಮಾತು ಅಲ್ಲಿ, ನೆಲದ ಮೇಲೆ ಕೂತಲ್ಲಿ, ತಾನಾಗಿ ಹೊರಬಂತು. ಹಿಂದೆಯೇ ಅಳುವೂ ಬಂತು. ಮೆಟ್ಟಿಲು ಹತ್ತಿ ಬಂದ ಭಾವ ಅದನ್ನು ಕಂಡು ಮುಖ ಆ ಕಡೆ ತಿರುಗಿಸಿಕೊಂಡ.

ಟೀಚರ್ ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿದರು. ಅವು ಗಡಗಡ ನಡುಗುತ್ತಿದ್ದವು. "ನೋಡು, ನನಗೂ ಆಗ್ತಿದೆ. ಕಾಂಟ್ರಾಕ್ಟ್ ಮಾತು ಆಮೇಲೆ, ಮೀಟಿಂಗಲ್ಲಿ ಎಲ್ಲರ ಮುಂದೆ ನೀನೇ ಹೇಳು. ಮೊದಲು ನನ್ನ ಚಪ್ಪಲಿ ತಂದ್ಕೊಡು."

ಗುಬ್ಬಿ ಕೀ ಹಿಡಿದು ಮೇಲೆ ಹೋದ, ಹಿಂದೆ ನಗಾರಿ ಏದುಸಿರು ಬಿಡುತ್ತ ಬಂದ. ಗುಬ್ಬಿ ಮಿಷನ್ ರೂಮಿನ ಬೀಗ ತೆಗೆದ. ಪ್ಯಾನೆಲ್ ತೆರೆದಾಗ ವೈರು ಅಲ್ಲೇ ಇತ್ತು. ಕೆಂಪಗೆ, ಅಚ್ಚುಕಟ್ಟಾಗಿ, ಅವನೇ ಸಿಕ್ಕಿಸಿದ ಹಾಗೆ. ಗುಬ್ಬಿ ಅದನ್ನು ನೋಡುತ್ತ ನಿಂತುಬಿಟ್ಟ.

"ಕೀಳು" ಎಂದ ನಗಾರಿ. "ನೀನು ಹಾಕಿದ್ದು, ನೀನೇ ಕೀಳು."

ಗುಬ್ಬಿ ಕಿತ್ತ. ಕಿತ್ತು ಅಂಗೈಯಲ್ಲಿ ಹಿಡಿದುಕೊಂಡು, ನಿನ್ನೆ ತನಗೆ ಅವನ ದನಿ ಕೇಳಿಸಿತ್ತೆಂದು ಹೇಳಿದ. ಸುಳ್ಳಲ್ಲ, ನಿಜವಾಗಿಯೂ ಕೇಳಿಸಿತ್ತು ಎಂದ. ನಗಾರಿ ಪ್ಯಾನೆಲ್ಲಿನ ಬಾಗಿಲು ಮುಚ್ಚಿದ. ಅವನಿಗೂ ಆ ಮಾತು ಎಲ್ಲೋ ತಾಕಿರಬೇಕು.

"ಧೈರ್ಯ ಇಲ್ಲ ಅಂದಿದ್ದೆ ನಿನಗೆ" ಎಂದ ಗುಬ್ಬಿ.

"ನನಗಿಲ್ಲಪ್ಪ. ನಿನಗಿತ್ತು, ಅದಕ್ಕೇ ಹಿಂಗಾಯ್ತು." ನಗಾರಿ ಬನಿಯನ್ನಿನಿಂದ ಮುಖ ಒರೆಸಿಕೊಂಡ. "ಇವತ್ತು ಬಂದಿದೀನಿ. ನಾಳೆಯಿಂದ ನಾನಿರಲ್ಲ. ಇನ್ಮೇಲೆ ಕೆಳಗೆ ನಿಂತು ಕೂಗ್ಬೇಡ. ಹತ್ತಿ ಬಂದು ಕಣ್ಣಲ್ಲಿ ನೋಡು."

ಸ್ಪ್ರಿಂಗ್ ತರಲು ಭಾವ ಹೋದ. ಬಿಡಿಭಾಗದ ಅಂಗಡಿಯವನು ಅಂಗಡಿಯ ಮೇಲೇ ಮನೆ ಮಾಡಿಕೊಂಡಿದ್ದ. ಅವನನ್ನು ಭಾನುವಾರದ ನಿದ್ದೆಯಿಂದ ಎಬ್ಬಿಸಿ, ಬೈಸಿಕೊಂಡು ತಂದ. ನಗಾರಿ ಮೇಲೆ ನಿಂತ. ಅವನು ಹಾಗೆ ನಿಂತದ್ದು ಕಂಪನಿಗೆ ತಿಳಿದರೆ ಅವನ ಕೆಲಸಕ್ಕೂ ಸಂಚಕಾರವೇ. ಗುಬ್ಬಿ ಮೊದಲು ಚಪ್ಪಲಿ ಎತ್ತಿಕೊಟ್ಟು, ಆಮೇಲೆ ಬೀಗ ಬಿಚ್ಚಿದ. ಲಿಫ್ಟು ಆಡಿಸಿ ನೋಡಲು ಮೇನ್ ಹಾಕಿದರು; ವೈರು ಮತ್ತೆ ಬೇಕಾಯಿತು, ಮತ್ತೆ ಸಿಕ್ಕಿಸಿದರು. ಹೊಸ ಸ್ಪ್ರಿಂಗ್ ಕೂತ ಮೇಲೆ ಬಾಗಿಲನ್ನು ಬೆರಳಿನಿಂದ ತಳ್ಳಿದರೂ ಬೀಗ ಟಕ್ಕೆಂದು ಕಚ್ಚುತ್ತಿತ್ತು. ಕೆಲಸ ಮುಗಿಯಿತು. ಗುಬ್ಬಿ ಕತ್ತೆತ್ತಿದ. ಕೂಗಬೇಕೆಂದು ಬಾಯಿ ತೆರೆದವನು ಹಾಗೇ ಮುಚ್ಚಿದ. ಮೆಟ್ಟಿಲು ಹತ್ತಿ ಮೇಲೆ ಹೋದ. ನಗಾರಿ ವೈರನ್ನು ಕೈಯಲ್ಲಿ ಹಿಡಿದು ನಿಂತಿದ್ದ, ಅದನ್ನು ಅವನ ಕೈಗಿತ್ತ. ಗುಬ್ಬಿ ಅದನ್ನು ಸ್ಕ್ರೂಡ್ರೈವರಿನ ಹಿಡಿಗೆ ಸುತ್ತಿದ. ಆಮೇಲೂ ಪ್ಯಾನೆಲ್ಲಿನೊಳಗೆ ವೈರಿದ್ದ ಜಾಗವನ್ನು ಮುಟ್ಟಿ ನೋಡಿದ.

ಕೆಳಗಿಳಿದು ಬಂದು ಬಟನ್ ಒತ್ತಿದರು. ಲಿಫ್ಟು ಮೂರನೇ ಮಹಡಿಗೆ ಬಂದು ನಿಂತಿತು. ಗುಬ್ಬಿ ಬಾಗಿಲು ತೆರೆದಿಟ್ಟು ನೋಡಿದ, ಲಿಫ್ಟು ಕದಲಲಿಲ್ಲ. ಮುಚ್ಚಿದ, ಹೊರಟಿತು. ಮತ್ತೆ ಕರೆಸಿ ನೋಡಿದ. ಸಾಕು ಬಿಡ್ರೀ ಎಂದ ಭಾವ. ಗುಬ್ಬಿಗೆ ಸಾಕಾಗಲಿಲ್ಲ.

ಆಗ ಟೀಚರ್ ಹೊರಗೆ ಬಂದರು. ಎರಡೂ ಕಾಲಿಗೆ ಚಪ್ಪಲಿ, ಕೈಯಲ್ಲಿ ಟ್ರಾಲಿ. ನಾಳೆಗೆ ಮನೆಯಲ್ಲಿ ಒಂದು ತರಕಾರಿಯಿಲ್ಲ, ಅಂಗಡಿ ಮುಚ್ಚುವುದರೊಳಗೆ ಹೋಗಿ ಬರುತ್ತೇನೆ ಎಂದರು. ಮೆಟ್ಟಿಲಿನಲ್ಲಿ ಹೋಗಿ ಟೀಚರ್, ಚೀಲ ನಾನು ಹೊತ್ತು ತರುತ್ತೇನೆ ಎಂದ ಭಾವ. ಅವರು ಅವನ ಕಡೆ ನೋಡಲಿಲ್ಲ.

"ನೋಡಿದೀಯಾ?" ಎಂದು ಗುಬ್ಬಿಯನ್ನು ಕೇಳಿದರು.

"ನೋಡಿದೀನಿ" ಎಂದ.

ಟೀಚರ್ ಬಾಗಿಲು ಎಳೆದು ತೆರೆದರು. ಸೊಂಟದಿಂದ ಒತ್ತಿ ಹಿಡಿದರು. ಲಿಫ್ಟಿಗೆ ಬೆನ್ನು ಹಾಕಿ, ಗುಬ್ಬಿಯ ಮುಖವನ್ನೇ ನೋಡುತ್ತ ನಿಂತರು. ಅವರು ಹಿಂದೆ ತಿರುಗಿ ನೋಡಲಿ, ಒಂದೇ ಒಂದು ಸಲ ನೋಡಲಿ ಎಂದು ಗುಬ್ಬಿ ಮನಸ್ಸಿನಲ್ಲೇ ಬೇಡಿಕೊಂಡ. ಲಿಫ್ಟು ಅಲ್ಲೇ ಇದೆ, ದೀಪ ಉರಿಯುತ್ತಿದೆ, ಅವನಿಗೆ ಕಾಣುತ್ತಿದೆ. ಆದರೂ ಕಣ್ಣನ್ನು ನಂಬಲು ಆಗುತ್ತಿರಲಿಲ್ಲ, ನಿನ್ನೆ ಕಿವಿಯನ್ನು ನಂಬಿದ್ದನಲ್ಲ.

ಅವರು ನೋಡಲಿಲ್ಲ. ಅವನ ಮುಖದಿಂದ ಕಣ್ಣು ತೆಗೆಯದೆ, ಬಲಗಾಲನ್ನು ಮೇಲೆತ್ತಿ ಹಿಂದಕ್ಕೆ ಇಟ್ಟರು. ಆ ಕಾಲು ಲಿಫ್ಟಿನ ನೆಲಕ್ಕೆ ತಾಗಿದ ಸದ್ದು ಕೇಳುವವರೆಗೆ ಗುಬ್ಬಿ ಉಸಿರಾಡಲಿಲ್ಲ.